ಕಂಡಕ್ಟರಮ್ಮನ ಸಿಟ್ಟು

ಕಂಡಕ್ಟರಮ್ಮನಿಗೆ ಸಿಟ್ಟು ಬಂದರೆ ಬಸ್ಸಿನ ಕೊನೆಯ ಸೀಟಿನಲ್ಲಿ ಕಾಲು ಚಾಚಿ ಕೂತವನೂ ತೆಪ್ಪಗೆ ಮಡಚಿಕೊಳ್ಳುತ್ತಿದ್ದ ಕಾಲವೊಂದಿತ್ತು. "ಒಳಗೆ ನಡೀರಿ, ಒಳಗೆ ನಡೀರಿ! ಬಾಗಿಲಲ್ಲೇ ಠಿಕಾಣಿ ಹೂಡೋಕೆ ಇದೇನು ನಿಮ್ಮ ಮಾವನ ಮನೆಯಾ?" ಎಂದು ಆಕೆ ಗದರಿದರೆ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ ಇನ್ನೂ ನಾಲ್ಕು ಜನಕ್ಕೆ ಜಾಗ ಹುಟ್ಟುತ್ತಿತ್ತು. ಸೀಟಿ ಊದುವುದು ಆಕೆಗೆ ಸೇರುತ್ತಿರಲಿಲ್ಲ. ಗಂಟಲು ಇರುವಾಗ ಸೀಟಿ ಯಾಕೆ?

ಆ ಗಂಟಲನ್ನೇ ಪಾರ್ಕಿನ್ಸನ್ಸ್ ಕಾಯಿಲೆ ಕಿತ್ತುಕೊಂಡಿತು. ಮೊದಲು ಬಲಗೈಯ ಹೆಬ್ಬೆರಳು ತನ್ನ ಪಾಡಿಗೆ ತಾನು ಚಿಲ್ಲರೆ ಎಣಿಸುವ ಹಾಗೆ ಆಡತೊಡಗಿತು. ಆಮೇಲೆ ಹೆಜ್ಜೆ ಗಿಡ್ಡವಾಯಿತು. ಆಮೇಲೆ ದನಿ ಇಳಿದು ಇಳಿದು, ಪಕ್ಕದಲ್ಲಿ ಕೂತವರೂ "ಆಂ?" ಎಂದು ಕಿವಿ ಮುಂದೆ ಮಾಡುವಂತಾಯಿತು. ಕೊನೆಗೆ ಮುಖ. ಸ್ನಾಯುಗಳೆಲ್ಲ ಬಿಗಿದು ನಗುವಿಗೂ ಅಳುವಿಗೂ ಒಂದೇ ಮುಖ ಉಳಿಯಿತು. ಒಳಗೆ ಕುದಿಯುವುದು ಮಾತ್ರ ಒಂದು ಚೂರೂ ಕಮ್ಮಿಯಾಗಲಿಲ್ಲ. ಕುದಿಯುವ ಪಾತ್ರೆಗೆ ಮುಚ್ಚಳ ಬಿಗಿದ ಹಾಗಾಯಿತು, ಅಷ್ಟೆ.

ಒಂದು ದಿನ ಔಷಧಿ ಅಂಗಡಿಯ ಬಾಗಿಲಲ್ಲಿ ಆಕೆಯ ಕಾಲು ನೆಲಕ್ಕೆ ಅಂಟಿಕೊಂಡಿತು. ಈ ಕಾಯಿಲೆಯಲ್ಲಿ ಹಾಗಾಗುತ್ತದೆ. ಹೋಗಬೇಕೆಂಬ ಮನಸ್ಸಿರುತ್ತದೆ, ಪಾದ ಏಳುವುದಿಲ್ಲ. ಹಿಂದೆ ನಿಂತಿದ್ದ ಕಪ್ಪು ಕನ್ನಡಕದ ಗಂಡಸೊಬ್ಬ, "ಬೆಳಗ್ಗೆ ಬೆಳಗ್ಗೆನೇ ಏರಿಸ್ಕೊಂಡು ಬಂದಿದೆ ನೋಡು ಈಯಮ್ಮ" ಎಂದು ಜತೆಯವನಿಗೆ ಹೇಳಿ ನಕ್ಕ.

ಕಂಡಕ್ಟರಮ್ಮನ ನೆತ್ತಿಗೆ ಬೆಂಕಿ ಹತ್ತಿತು. ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಗಂಡ ಕೈ ಜೋಡಿಸಿಬಿಟ್ಟ. "ಕ್ಷಮಿಸಿ ಸಾರ್, ಇವಳಿಗೆ ಹುಷಾರಿಲ್ಲ. ತಪ್ಪು ತಿಳ್ಕೋಬೇಡಿ."

ಗಂಡ ಟೈಲರು. ಊರವರ ಬಟ್ಟೆಯ ಅಳತೆ ತೆಗೆಯುತ್ತಾ ತೆಗೆಯುತ್ತಾ ಬಗ್ಗಿ ಮಾತಾಡುವುದೇ ರೂಢಿಯಾಗಿಬಿಟ್ಟ ಮನುಷ್ಯ. ದಾರಿಯುದ್ದಕ್ಕೂ ಆಕೆ, "ಯಾರು ಯಾರಿಗೆ ಕ್ಷಮೆ ಕೇಳ್ಬೇಕಿತ್ತು?" ಎಂದು ಕೇಳಿದಳು. "ಏನಂದೆ?" ಎಂದ ಗಂಡ. ಮತ್ತೆ ಹೇಳಿದಳು. "ಗಾಡಿ ಸದ್ದು ಕಣೇ, ಮನೇಲಿ ಹೇಳು." ಆಕೆ ಬಾಯಿ ಮುಚ್ಚಿಕೊಂಡಳು. ಮನೆಗೆ ಬಂದ ಮೇಲೆ ಅವನು ಮೊಣಕಾಲೂರಿ ಕೂತು ಆಕೆಯ ಚಪ್ಪಲಿಯ ಪಟ್ಟಿ ಬಿಚ್ಚಿದ. ಎಷ್ಟು ಒಳ್ಳೆಯವನು! ಆ ಒಳ್ಳೆಯತನಕ್ಕೇ ಆಕೆಗೆ ಮೈ ಉರಿಯುತ್ತಿತ್ತು. ಚಪ್ಪಲಿ ಬಿಚ್ಚುವವನು, ಗುಂಡಿ ಹಾಕುವವನು, ಅನ್ನ ಕಲಸಿ ಕೊಡುವವನು, ಯಾರಾದರೂ "ಹೇಗಿದೀರಮ್ಮ?" ಎಂದರೆ "ಪರವಾಗಿಲ್ಲ" ಎಂದು ಉತ್ತರ ಕೊಡುವವನೂ ಅವನೇ.

ಡಾಕ್ಟರೂ ಅವನ ಹತ್ತಿರವೇ ಮಾತಾಡಿದರು. "ಮಾತ್ರೆ ಒಂದೇ ಸಾಲಲ್ಲ. ಇವರಿಗೆ ಕಸರತ್ತು ಬೇಕು. ಇಂಥವರದ್ದೇ ಒಂದು ಗುಂಪಿದೆ, ಕರ್ಕೊಂಡು ಹೋಗಿ." ಇವರಂತೆ, ಕರ್ಕೊಂಡು ಹೋಗಬೇಕಂತೆ. ಲಗೇಜು! ಕಂಡಕ್ಟರಮ್ಮ ಮನಸ್ಸಿನಲ್ಲೇ ಡಾಕ್ಟರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿದಳು.

ಗುಂಪು ಸೇರುತ್ತಿದ್ದುದು ಸಾರ್ವಜನಿಕ ವಾಚನಾಲಯದ ನೆಲಮಹಡಿಯ ಹಾಲಿನಲ್ಲಿ. ಒಂದು ಗೋಡೆಗೆ ಕನ್ನಡಿ, ಇನ್ನೊಂದು ಗೋಡೆಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಸರಪಳಿಗೆ ನೇತುಬಿದ್ದ ಗುದ್ದುವ ಚೀಲ. ಕಲಿಸುವವಳು ಫಿಸಿಯೋ ಓದಿದ ಗಿಡ್ಡ ಹೆಂಗಸು, ಎಲ್ಲರಿಗೂ ಟೀಚರ್. ಸಿಹಿ ಮಾತಿನ ಗಿರಾಕಿಯಲ್ಲ.

"ಇವಳಿಗೆ ಜೋರಾಗಿ ಮಾತಾಡೋಕೆ ಆಗಲ್ಲ" ಎಂದು ಟೈಲರು ಶುರು ಮಾಡಿದ.

"ನೀವು ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ ಸಾರ್" ಎಂದಳು ಟೀಚರ್. ಬಾಗಿಲು ಹಾಕಿ, ಕಂಡಕ್ಟರಮ್ಮನ ಕೈಗೆ ಗ್ಲೌಸು ತೊಡಿಸಿದಳು. "ಸಿಟ್ಟು ಬರುತ್ತಾ ನಿಮಗೆ?"

ಎಷ್ಟು ದಿನಕ್ಕೆ ಒಬ್ಬರು ಕೇಳಬೇಕಾದ್ದನ್ನು ಕೇಳಿದ್ದರು. ಕಂಡಕ್ಟರಮ್ಮ ತಲೆಯಾಡಿಸಿದಳು.

"ತುಂಬಾ?"

"ತುಂಬಾ."

"ಕೇಳಿಸ್ಲಿಲ್ಲ."

"ತುಂಬಾ!"

"ಹಾಗಾದ್ರೆ ಗುದ್ದಿ. ಪ್ರತಿ ಗುದ್ದಿಗೂ ಒಂದು ಕೂಗು. ಕೂಗಿಲ್ಲದ ಗುದ್ದು ಲೆಕ್ಕಕ್ಕಿಲ್ಲ."

ಆಕೆ ಕಪ್ಪು ಕನ್ನಡಕದವನನ್ನು ಗುದ್ದಿದಳು. ಡಾಕ್ಟರನ್ನು ಗುದ್ದಿದಳು. ಕೈಜೋಡಿಸಿ ನಿಂತ ಗಂಡನನ್ನೂ ಗುದ್ದಿದಳು, ಅವನಿಗೆ ಸ್ವಲ್ಪ ಮೆಲ್ಲಗೆ. ಬೆವರು ಕಿತ್ತುಕೊಂಡು ಬಂತು. ಹೆಬ್ಬೆರಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿತ್ತು, ಸ್ವಲ್ಪ ಹೊತ್ತಿಗಾದರೂ.

"ಭಲೇ ತಂಗೀ, ಆ ಚೀಲ ನಿನಗೇನು ಬಾಕಿ ಕೊಡ್ಬೇಕಿತ್ತಾ?" ಎಂದು ಹಿಂದಿನಿಂದ ಯಾರೋ ನಕ್ಕರು. ಅದು ಸೌಟಣ್ಣ. ಇಡೀ ಆಯುಷ್ಯ ಹೋಟೆಲಿನ ಅಡುಗೆಮನೆ ಆಳಿದ ಮನುಷ್ಯ. ಈಗ ಅವನ ಕೈ ಸುಮ್ಮನಿದ್ದಾಗಲೂ ದೊಡ್ಡ ಹಂಡೆಯಲ್ಲಿ ಸೌಟು ಆಡಿಸಿದ ಹಾಗೆ ಸುತ್ತುತ್ತಿತ್ತು. ಹೆಸರಿಟ್ಟುಕೊಂಡವನೂ ಅವನೇ. "ಬೇರೆಯವರು ಇಡೋಕೆ ಮುಂಚೆ ನಾವೇ ಇಟ್ಕೊಂಡ್ರೆ ಮರ್ಯಾದೆ" ಎನ್ನುತ್ತಿದ್ದ.

ಹೀಗೆ ಆಕೆ ಹೋಗತೊಡಗಿದಳು. ಅಲ್ಲಿ ಯಾರೂ "ಪಾಪ" ಎನ್ನುತ್ತಿರಲಿಲ್ಲ. ಒಬ್ಬರ ಕಾಲು ಅಂಟಿಕೊಂಡರೆ ಇನ್ನೊಬ್ಬರು ತಮ್ಮ ಪಾದವನ್ನು ಅಡ್ಡ ಇಡುತ್ತಿದ್ದರು. ಅದನ್ನು ದಾಟುವ ನೆಪದಲ್ಲಿ ಅಂಟಿದ ಕಾಲು ಬಿಡುತ್ತಿತ್ತು. ಒಮ್ಮೆ ಸೌಟಣ್ಣ ನಡುಹಾಲಿನಲ್ಲಿ ಹೀಗೆ ನಿಂತುಬಿಟ್ಟಾಗ ಕಂಡಕ್ಟರಮ್ಮನಿಗೆ ತಡೆಯಲಾಗದೆ, "ಹೋಗ್ಲಿ, ರೈಟ್! ರೈಟ್!" ಎಂದು ಕೂಗಿದಳು. ಸೌಟಣ್ಣ ಗೇರು ಹಾಕಿದ ಬಸ್ಸಿನಂತೆ ಹೊರಟ. ಅಂದಿನಿಂದ ನಡಿಗೆಯ ಪಾಠಕ್ಕೆ ತಾಳ ಹಾಕುವುದು ಆಕೆಯ ಕೆಲಸವಾಯಿತು.

ಅಷ್ಟರಲ್ಲಿ ವಾಚನಾಲಯಕ್ಕೆ ಹೊಸ ಕಾರ್ಯದರ್ಶಿ ಬಂದ. ಇಸ್ತ್ರಿ ಮುರಿಯದ ಅಂಗಿ, ಮಾತಿಗೊಂದು "ಸಹಕರಿಸಿ". ಹಾಲಿಗೆ ಹೊಸ ಬಣ್ಣ ಬಳಿಸಿದ, ಆಮೇಲೆ ಗುಂಪನ್ನು ಮೇಲಿನ ಮಹಡಿಗೆ ಸಾಗಹಾಕಿದ. ಟೀಚರ್ ಕೇಳಿದ್ದಕ್ಕೆ, "ಮುಂದಿನ ಬಾಗಿಲಲ್ಲೇ ಇವರು ತೂರಾಡ್ತಾ, ಕಿರುಚಾಡ್ತಾ ಇದ್ರೆ ಓದೋಕೆ ಬರೋ ಜನಕ್ಕೆ ಮುಜುಗರ. ಸಹಕರಿಸಿ" ಎಂದ. ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. "ನಿಧಾನಕ್ಕೆ ಹತ್ತಲಿ, ಅದೂ ಕಸರತ್ತೇ ಅಲ್ವಾ?" ಎಂದುಬಿಟ್ಟ ಕಾರ್ಯದರ್ಶಿ.

ಅವರು ಹತ್ತಿದರು. ಕಂಬಿ ಹಿಡಿದು, ಒಬ್ಬರ ಬೆನ್ನಿಗೊಬ್ಬರು ಕೈಯಿಟ್ಟು ಹತ್ತಿದರು. ಒಂದು ದಿನ ಪಾಠ ಮುಗಿಸಿ ಇಳಿಯುವಾಗ ತಿರುವಿನಲ್ಲಿ ಸೌಟಣ್ಣನ ಕಾಲು ಅಂಟಿಕೊಂಡಿತು, ಮೈ ಮಾತ್ರ ಮುಂದಕ್ಕೆ ಹೋಯಿತು. ಕಂಡಕ್ಟರಮ್ಮ ಅವನ ಹಿಂದೆಯೇ ಇದ್ದಳು. ಅಂಗಿ ಹಿಡಿಯಲು ಕೈ ಚಾಚಿದಳು. ಆ ಕೈ, ತನ್ನದೇ ಕೈ, ತಡವಾಗಿ ಹೋಯಿತು.

ಸೊಂಟದ ಮೂಳೆ ಮುರಿದಿತ್ತು. ಅವನನ್ನು ಆಂಬುಲೆನ್ಸಿಗೆ ಹಾಕುವಾಗ ಕಾರ್ಯದರ್ಶಿ ಹೊಸ್ತಿಲಲ್ಲಿ ನಿಂತು ಟೈಲರಿಗೆ ಹೇಳಿದ: "ಇಂಥವರನ್ನ ಮನೇಲಿ ಇಟ್ಕೋಬೇಕು ಅಂತ ಇದಕ್ಕೇ ಹೇಳೋದು. ನಿಮ್ಮೋರನ್ನೂ ಕರ್ಕೊಂಡು ಹೋಗಿಬಿಡಿ."

ಟೈಲರು, "ಆಯ್ತು ಸಾರ್" ಎಂದ.

ಆ ಎರಡು ಪದಗಳು ಕಂಡಕ್ಟರಮ್ಮನ ಎದೆಯಲ್ಲಿ ಮುಳ್ಳಾಗಿ ಕೂತವು. ಟೀಚರ್ ವಾಚನಾಲಯದ ಆಡಳಿತ ಸಮಿತಿಗೆ ದೂರು ಕೊಟ್ಟಳು. ಸಮಿತಿಯ ಸಭೆ ಸೇರುವವರೆಗೆ ಕಂಡಕ್ಟರಮ್ಮ ಗಂಡನ ಜತೆ ಮಾತೇ ಆಡಲಿಲ್ಲ. ಆಡಿದರೂ ಕೇಳಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಸಭೆ ನಡೆದದ್ದು ಓದುವ ಕೋಣೆಯಲ್ಲಿ, ಉದ್ದ ಮೇಜಿನ ಸುತ್ತ. ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಕಾರ್ಯದರ್ಶಿ ಬೇಕೆಂದೇ ಗುಂಪಿನ ವಿಷಯವನ್ನು ಕೊನೆಗೆ ತಳ್ಳಿದ. ಫ್ಯಾನು, ಪೇಪರು, ಶೌಚಾಲಯದ ನಲ್ಲಿ, ಎಲ್ಲದರ ಚರ್ಚೆ ಮುಗಿಯುವ ಹೊತ್ತಿಗೆ ಕಂಡಕ್ಟರಮ್ಮನ ಮಾತ್ರೆಯ ಬಲ ಇಳಿದುಹೋಗಿತ್ತು. ಮೈ ಮರಗಟ್ಟಿತ್ತು. ಟೀಚರ್ ಮಾತಾಡಿದಳು. ಕಾರ್ಯದರ್ಶಿ ಅವಳಿಗಿಂತ ಉದ್ದಕ್ಕೆ ಮಾತಾಡಿದ. ಅಧ್ಯಕ್ಷೆ ಕಂಡಕ್ಟರಮ್ಮನ ಕಡೆ ತಿರುಗಿ, "ನೀವೇನಾದ್ರೂ ಹೇಳ್ತೀರಾ?" ಎಂದರು.

ಆಕೆ ಎದ್ದು ನಿಂತಳು. ಬಾಯಿ ತೆರೆದಳು. ಬಂದದ್ದು ಬರೀ ಗಾಳಿ.

"ಏನಮ್ಮ? ಕೇಳಿಸ್ತಿಲ್ಲ" ಎಂದ ಕಾರ್ಯದರ್ಶಿ. ಸದಸ್ಯರೊಬ್ಬರು ಗಡಿಯಾರ ನೋಡಿಕೊಂಡರು. ಟೈಲರು ಅರ್ಧ ಎದ್ದು, "ಅವಳ ಪರವಾಗಿ ನಾನು..." ಎಂದ. ಕಾರ್ಯದರ್ಶಿ ನಗುತ್ತಾ ಕೈಯೆತ್ತಿ ಅವನನ್ನು ಕೂರಿಸಿದ. "ಇರ್ಲಿ ಬಿಡಿ. ನಿಜ ಹೇಳ್ಬೇಕಂದ್ರೆ ಅವರಿಗೆ ಬೇಜಾರೇನೂ ಆಗಿಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ? ಎಷ್ಟು ಶಾಂತವಾಗಿದಾರೆ. ಗಲಾಟೆ ಎಲ್ಲ ಈ ಟೀಚರ್‌ದೇ."

ಕೋಣೆಯಲ್ಲಿ ಒಂದಿಬ್ಬರು ತಲೆದೂಗಿದರು.

ಕಂಡಕ್ಟರಮ್ಮ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದಳು. ಟೀಚರ್ ಕಲಿಸಿದಂತೆ ಹೊಟ್ಟೆಯ ತಳದಿಂದ ಉಸಿರೆಳೆದಳು. ಆಮೇಲೆ ಮೇಜನ್ನು ಗುದ್ದಿದಳು.

"ಶಾಂತಿ ಅಲ್ಲ ಕಣಯ್ಯಾ ಇದು! ಸಿಟ್ಟು! ನನ್ನ ಸಿಟ್ಟಿನ ಮುಖ ಇದೇ!"

ನೀರಿನ ಲೋಟ ಉರುಳಿತು. ಯಾರೂ ಎತ್ತಲಿಲ್ಲ.

"ಮುಖ ಸತ್ತಿದೆ, ನಾನು ಸತ್ತಿಲ್ಲ!" ಇನ್ನೊಂದು ಗುದ್ದು. "ಆ ಅಣ್ಣನ ಸೊಂಟ ಮುರಿದಿದ್ದು ಕಾಯಿಲೆ ಅಲ್ಲ, ನಿಮ್ಮ ಮೆಟ್ಟಿಲು! ಹತ್ತೋಕಾಗದವರನ್ನ ಹತ್ತಿಸ್ತೀರಿ, ಬಿದ್ದಮೇಲೆ ಮನೇಲಿರಿ ಅಂತೀರಿ! ಮನೇಲಿ ಕೂತ್ರೆ ನಾವು ಕೊರಡಾಗ್ತೀವಿ, ಗೊತ್ತಾ ನಿಮಗೆ? ನಮ್ಮನ್ನ ನೋಡಿದ್ರೆ ಮುಜುಗರ ಆಗೋರು ಕಣ್ಣು ಮುಚ್ಕೊಳ್ಳಲಿ! ನಾವ್ಯಾಕೆ ಬಚ್ಚಿಟ್ಕೋಬೇಕು?"

ಕಟವಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಟೈಲರು ಅಭ್ಯಾಸಬಲದಿಂದ ಕರವಸ್ತ್ರ ತೆಗೆದ. ಆಕೆ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಇಳಿಯಲಿ. ನೋಡಲಿ.

ಕೊನೆಗೆ ಅಧ್ಯಕ್ಷೆ ಕನ್ನಡಕ ತೆಗೆದು, "ನಾಳೆಯಿಂದ ಇವರ ಪಾಠ ಕೆಳಗಿನ ಹಾಲಿನಲ್ಲೇ. ಲಿಫ್ಟು ರಿಪೇರಿ ಆಗೋವರೆಗೆ ಬೇರೆ ಯಾವ ರಿಪೇರಿಯೂ ಬೇಡ" ಎಂದರು. ಕಾರ್ಯದರ್ಶಿ ತಕ್ಷಣ ನಗು ತೊಟ್ಟುಕೊಂಡು, ಸಮಿತಿ ಉದಾರ ಮನಸ್ಸಿನಿಂದ ಇವರಿಗೆ ಅವಕಾಶ ಮಾಡಿಕೊಟ್ಟಿದೆ ಎಂದು ಘೋಷಿಸಿದ. ಉದಾರವಂತೆ! ಟೈಲರು ಧನ್ಯವಾದ ಹೇಳಲು ಬಾಯಿ ತೆರೆದಾಗ ಕಂಡಕ್ಟರಮ್ಮ ಮೇಜಿನ ಕೆಳಗೆ ಅವನ ತೊಡೆ ಚಿವುಟಿದಳು. ಬಾಯಿ ಮುಚ್ಚಿತು.

ಮನೆಯ ದಾರಿಯಲ್ಲಿ ಇಬ್ಬರೂ ಆಕೆಯ ಗಿಡ್ಡ ಹೆಜ್ಜೆಗೆ ತಕ್ಕಂತೆ ನಡೆದರು. ಆಕೆಯ ದನಿ ಮತ್ತೆ ತಗ್ಗಿತ್ತು. ಆದರೆ ಈ ಸಲ ಗಂಡ "ಗಾಡಿ ಸದ್ದು" ಎನ್ನಲಿಲ್ಲ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಹತ್ತಿರ ನಿಂತು ಕಿವಿಗೊಟ್ಟ.

"ಆಯ್ತು ಸಾರ್ ಅಂದ್ರಲ್ಲ ಅವತ್ತು. ನನ್ನನ್ನ ಮನೇಲಿ ಕೂಡಿಹಾಕೋಕೆ ಆಯ್ತು ಸಾರ್ ಅಂದ್ರಿ."

"ಬಾಯಿತಪ್ಪಿ ಬಂತು ಕಣೇ."

"ನಿಮ್ಮ ಬಾಯಿ ಯಾವತ್ತೂ ಒಂದೇ ಕಡೆಗೆ ತಪ್ಪುತ್ತೆ."

ಟೈಲರು ನೆಲ ನೋಡಿದ. ಆಮೇಲೆ ಆಕೆ ನಿರೀಕ್ಷಿಸಿರದಷ್ಟು ಜೋರಾಗಿ ಹೇಳಿದ: "ನನಗೆ ಸಿಟ್ಟು ಬರಲ್ಲ ಅಂದ್ಕೊಂಡಿದೀಯಾ? ಆ ಕಾರ್ಯದರ್ಶಿ ಮೇಲೆ ಬರುತ್ತೆ. ಈ ದರಿದ್ರ ಕಾಯಿಲೆ ಮೇಲೆ ಬರುತ್ತೆ. ನಿನ್ನ ಮೇಲೂ ಬರುತ್ತೆ! ಹುಷಾರಿಲ್ಲದವಳ ಮೇಲೆ ಹೇಗೆ ರೇಗೋದು ಅಂತ ನುಂಗ್ಕೊಂಡು ಸಾಯ್ತಿದೀನಿ."

"ನುಂಗಬೇಡಿ. ರೇಗಿ."

"ರೇಗ್ಲಾ? ಗುಂಡಿ ಹಾಕೋಕೆ ಬಂದ್ರೆ ಮುಖ ತಿರುಗಿಸ್ತೀಯ, ಹಾಕದೆ ಇದ್ರೆ ನೋಡ್ತಾ ನಿಂತಿದೀರಲ್ಲ ಅಂತೀಯ! ಏನ್ಮಾಡ್ಲಿ ನಾನು?"

"ಕೇಳಿ! ಬೇಕಾ ಅಂತ ಕೇಳಿ! ಬೇಡ ಅಂದ್ರೆ ಕೈ ಕಟ್ಕೊಂಡು ಕೂತ್ಕೊಳ್ಳಿ!"

ಎದುರು ಮನೆಯ ಕಿಟಕಿಯಲ್ಲಿ ಯಾರೋ ಪರದೆ ಸರಿಸಿದರು. ಗಂಡ ಹೆಂಡತಿ ಅವರ ಕಡೆ ತಿರುಗಿಯೂ ನೋಡದೆ ಜಗಳವಾಡಿದರು. ಮದುವೆಯಾದ ಹೊಸದರಲ್ಲಿ ಹೀಗೆ ಆಡುತ್ತಿದ್ದರು. ಕಾಯಿಲೆ ಬಂದ ಮೇಲೆ ಇದೇ ಮೊದಲು.

ಗುಂಪಿಗೆ ಕೆಳಗಿನ ಹಾಲ್ ಮತ್ತೆ ಸಿಕ್ಕಿತು, ಸೌಟಣ್ಣ ಮಾತ್ರ ಬರಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದವನು ಗೋಡೆ ಕಡೆ ತಿರುಗಿ ಮಲಗಿದ್ದಾನೆ ಎಂದು ಸುದ್ದಿ ಬಂತು. ಕಂಡಕ್ಟರಮ್ಮ ಟೀಚರನ್ನು ಹೊರಡಿಸಿಕೊಂಡು ಅವನ ಮನೆಗೆ ಹೋದಳು. ಟೈಲರನ್ನು ಕರೆಯಲಿಲ್ಲ, ಅವನೂ "ಬರ್ಲಾ?" ಎಂದು ಕೇಳಿ, "ಬೇಡ" ಎಂದಾಗ ಹೊಲಿಗೆ ಯಂತ್ರದ ಮುಂದೆ ಕೂತ.

ಬಾಗಿಲು ತೆರೆದ ಸೊಸೆ, "ಮಾವ ಯಾರನ್ನೂ ನೋಡಲ್ಲ ಅಂತಿದಾರೆ" ಎಂದಳು.

"ಅವರು ನೋಡೋದು ಬೇಡಮ್ಮ. ನಾನು ನೋಡ್ತೀನಿ."

ಸೌಟಣ್ಣ ಅರ್ಧ ಆಗಿಹೋಗಿದ್ದ. ಹೊದಿಕೆಯ ಮೇಲಿದ್ದ ಕೈ ಮಾತ್ರ ತನ್ನ ಹಂಡೆಯಲ್ಲಿ ಸೌಟು ಆಡಿಸುತ್ತಲೇ ಇತ್ತು. ಅವನ ತುಟಿ ಅಲುಗಿತು. ಕಂಡಕ್ಟರಮ್ಮ ಕುರ್ಚಿ ಎಳೆದುಕೊಂಡು ಬಗ್ಗಿದಳು.

"ಹೋಗು" ಎಂದಿದ್ದ.

"ಏನಂದ್ರಿ ಅಣ್ಣಾ? ಕೇಳಿಸ್ಲಿಲ್ಲ."

"ಹೋಗು ಅಂದೆ."

"ಆಂ?"

ಸೌಟಣ್ಣ ತಲೆ ಎತ್ತಿದ. ಕುತ್ತಿಗೆಯ ನರ ಉಬ್ಬಿತು. "ಹೊರಗೆ ಹೋಗು ಅಂದೆ! ನನ್ನ ಕಥೆ ಮುಗೀತು! ನಿಮ್ಮ ಸರ್ಕಸ್ಸಿಗೆ ಇನ್ಯಾರನ್ನಾದ್ರೂ ನೋಡ್ಕೊಳ್ಳಿ!"

ಅಡುಗೆಮನೆಯಿಂದ ಸೊಸೆ ಓಡಿಬಂದಳು. ಆಪರೇಷನ್ ಆದಾಗಿನಿಂದ ಮಾವನ ದನಿ ಇಷ್ಟು ಜೋರಾದದ್ದನ್ನು ಅವಳು ಕೇಳಿರಲಿಲ್ಲ.

ಕಂಡಕ್ಟರಮ್ಮ ಟೀಚರ್ ಕಡೆ ತಿರುಗಿದಳು. "ದನಿ ಪರವಾಗಿಲ್ಲ ಅಲ್ವಾ?"

"ಹೊಟ್ಟೆಯಿಂದ ಬಂದಿಲ್ಲ" ಎಂದಳು ಟೀಚರ್. "ಗಂಟಲಿಂದ ಬಂತು."

"ಕೇಳಿಸ್ತಾ ಅಣ್ಣಾ? ಹೊಟ್ಟೆಯಿಂದ ಬೈಬೇಕಂತೆ. ಮೊದಲು ಆ ಕಾರ್ಯದರ್ಶೀನ ಬೈಯಿರಿ, ಆಮೇಲೆ ನನ್ನನ್ನ ಬೈಯಿರಿ. ಅವತ್ತು ನಿಮ್ಮ ಅಂಗಿ ಹಿಡಿಯೋಕೆ ಆಗ್ಲಿಲ್ಲ ನನಗೆ."

ಸೌಟಣ್ಣ ಆಕೆಯ ಅಲುಗದ ಮುಖವನ್ನು ನೋಡಿದ. ಆಮೇಲೆ ಎರಡೂ ಮೊಣಕೈ ಹಾಸಿಗೆಗೆ ಒತ್ತಿ, ದಿಂಬಿನಿಂದ ಬೆನ್ನು ಸ್ವಲ್ಪ ಮೇಲಕ್ಕೆತ್ತಿ, ಉಸಿರೆಳೆದುಕೊಂಡು, ಬೈಯಲು ಶುರುಮಾಡಿದ.