ಬೀಪಣ್ಣನ ಡಬ್ಬಿ

ಕಂಪ್ಯೂಟರ್ ಜೋಡಿಸುವವರಲ್ಲಿ ಒಂದು ನಂಬಿಕೆಯಿತ್ತು: ಕಾದವನಿಗೆ ಎಲ್ಲವೂ ಅಗ್ಗ. ಇವತ್ತು ಕೈ ಸುಡುವ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಆರು ತಿಂಗಳು ಬಿಟ್ಟರೆ ಕೈಗೆಟುಕುತ್ತದೆ. ಅವಸರ ಮಾಡುವವನೇ ದಡ್ಡ. ಅವಳ ಗಂಡನೂ ಅದನ್ನೇ ನಂಬಿದವನು. ಅವಳಿಗಾಗಿ ಯಂತ್ರವೊಂದನ್ನು ತಾನೇ ಜೋಡಿಸಿ, ರ‍್ಯಾಮ್ ಕೂರುವ ನಾಲ್ಕು ಸ್ಲಾಟ್‌ಗಳಲ್ಲಿ ಎರಡನ್ನು ತುಂಬಿಸಿ, ಎರಡನ್ನು ಖಾಲಿ ಬಿಟ್ಟಿದ್ದ. ಬೆಲೆ ಇಳಿಯಲಿ, ಆಮೇಲೆ ಹಾಕೋಣ ಎಂದಿದ್ದ. ಹನ್ನೊಂದು ತಿಂಗಳ ಹಿಂದೆ ಅವನು ತೀರಿಕೊಂಡ. ಬೆಲೆ ಇಳಿಯಲಿಲ್ಲ, ಏರಿತು. ಒಂದು ಕಾಲಕ್ಕೆ ಇಡೀ ಯಂತ್ರ ಬರುತ್ತಿದ್ದ ದುಡ್ಡಿಗೆ ಈಗ ಗೇಣುದ್ದವೂ ಇಲ್ಲದ ಎರಡು ಪಟ್ಟಿ ಬರುತ್ತಿದ್ದವು.

ಆ ಎರಡು ಪಟ್ಟಿಗಳ ಮೇಲೆ ಈಗ ಒಂದು ಮನೆ ನಿಂತಿತ್ತು.

ಅವಳು ಓದಿದ್ದು ಭೂಗೋಳ. ಆಕಾಶದಿಂದ ತೆಗೆದ ಸಾವಿರಾರು ಫೋಟೋಗಳನ್ನು ಅಂಚಿಗೆ ಅಂಚು ಕೂಡಿಸಿ ಒಂದೇ ನಕ್ಷೆ ಮಾಡುವ ಕೆಲಸ ಗೊತ್ತಿತ್ತು. ನಕ್ಷೆ ಮಾಡಿಸುವ ಒಂದು ಕಚೇರಿ ಪರೀಕ್ಷೆಗೆಂದು ಅವಳಿಗೆ ಒಂದು ನದಿಯನ್ನು ಕಳಿಸಿತ್ತು. ಶನಿವಾರ ಸಂಜೆ ಐದರೊಳಗೆ ಇಡೀ ನದಿ ಒಂದೇ ಹಾಳೆಯಲ್ಲಿ ಬಂದರೆ ವರ್ಷವಿಡೀ ಕೆಲಸ, ಅದೂ ಮನೆಯಲ್ಲೇ ಕೂತು. ಬಾರದಿದ್ದರೆ ಬಾಡಿಗೆ ಮನೆಗೆ ಬೀಗ; ಅವಳು ಅಣ್ಣನ ಮನೆಗೆ, ಜೊತೆಗಿದ್ದ ಅತ್ತೆ ತಮ್ಮ ಮಗಳ ಮನೆಗೆ. ಹಾಗೆಂದು ಎಲ್ಲರೂ ಕೂತು ಮಾತಾಡಿ ಆಗಿತ್ತು. ಅಣ್ಣ ಆಗಲೇ ತನ್ನ ಮನೆಯಲ್ಲಿ ಅವಳಿಗೊಂದು ಮಂಚ ತಂದು ಹಾಕಿದ್ದ. ನಡುವೆ ಇದ್ದವನೇ ಹೋದ ಮೇಲೂ ಅತ್ತೆ ಸೊಸೆ ಒಟ್ಟಿಗೇ ಇರುತ್ತೇವೆ ಎಂದು ಹಟ ಹಿಡಿದದ್ದು ಅವನ ತಲೆಗೆ ಹತ್ತಿರಲಿಲ್ಲ.

"ಜಗಳ ಆಡೋಕೆ ನಿಮ್ಮಿಬ್ಬರಿಗೂ ಬೇರೆ ಯಾರೂ ಸಿಗಲ್ವ?" ಎಂದು ಕೇಳಿದ್ದ.

ಯಂತ್ರ ನೂರಕ್ಕೆ ಅರವತ್ತೊಂದರವರೆಗೆ ಓಡಿ ಅಲ್ಲಿ ಕುಸಿಯುತ್ತಿತ್ತು. ಮೆಮೊರಿ ಸಾಲದು ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತು. ಮೂರು ಸಲ ಓಡಿಸಿದಳು. ತುಂಡು ತುಂಡಾಗಿ ಮಾಡಿ ಹೊಲಿದರೆ ಹೊಲಿಗೆ ಕಾಣುತ್ತಿತ್ತು, ಕಚೇರಿಯವರು ಹೊಲಿಗೆ ಬೇಡ ಎಂದು ಮೊದಲೇ ಹೇಳಿದ್ದರು. ಮೂರು ಸಲವೂ ನದಿ ಸೇತುವೆಯ ತನಕ ಬಂದು ನಿಂತಿತು.

ಗುರುವಾರ ಬೆಳಿಗ್ಗೆ ಅವಳು ಬೀಪಣ್ಣನ ಅಂಗಡಿಗೆ ಹೊರಟಳು. ಬಟ್ಟೆ ಒಗೆಯುವ ಸೋಪು ಮುಗಿದಿದೆ ಎಂಬ ನೆಪ ಹಿಡಿದು ಅತ್ತೆಯೂ ಜೊತೆಗೆ ಬಂದರು.

ಬೀಪಣ್ಣನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಕೆಟ್ಟ ಕಂಪ್ಯೂಟರ್ ಬಂದರೆ ಸ್ವಿಚ್ ಹಾಕಿ, ಕಣ್ಣು ಮುಚ್ಚಿ, ಅದು ಕೂಗುವ ಬೀಪ್ ಕೇಳಿ ರೋಗ ಹೇಳುತ್ತಿದ್ದ. ಒಂದು ಚಿಕ್ಕ ಬೀಪ್ ಬಂದರೆ ಬದುಕಿದೆ. ಮೂರು ಉದ್ದ ಬೀಪ್ ಬಂದರೆ ರ‍್ಯಾಮ್ ಸತ್ತಿದೆ. ಸತ್ತದ್ದನ್ನು ಕಿತ್ತು ಬಿಸ್ಕತ್ತಿನ ಡಬ್ಬಿಗೆ ಎಸೆದು ಹೊಸದು ಹಾಕುತ್ತಿದ್ದ. ಅಂಗಡಿ ಇದ್ದದ್ದು ಇಬ್ಬರು ನಿಂತರೆ ಮೂರನೆಯವನು ಹೊರಗೆ ಕಾಯಬೇಕಾದಷ್ಟು ಅಗಲ. ಗೋಡೆಯ ದರಪಟ್ಟಿಯನ್ನು ದಿನಾ ತಿದ್ದಿ ತಿದ್ದಿ ಸಾಕಾಗಿ, ಅದರ ಮೇಲೆ ಹಳೆಯ ಕ್ಯಾಲೆಂಡರ್ ನೇತುಹಾಕಿದ್ದ.

ಅವಳು ಕೇಳಿದ ರ‍್ಯಾಮ್‌ಗೆ ಅವನು ಬೆಲೆ ಹೇಳಿದ. ಅತ್ತೆ ಪಕ್ಕದ ಸ್ಟೂಲ್ ಹುಡುಕಿ ಕೂತರು.

ಅವನೂ ಸುಖವಾಗಿರಲಿಲ್ಲ. ಮೂರು ವಾರದಿಂದ ಒಂದೇ ಒಂದು ಹೊಸ ಯಂತ್ರ ಜೋಡಿಸಿರಲಿಲ್ಲ. ದೊಡ್ಡ ದೊಡ್ಡ ಕಂಪನಿಯವರು ಊರಗಲದ ಕೋಣೆ ಕಟ್ಟಿ ಅದರ ತುಂಬ ಯಂತ್ರ ಕೂರಿಸುತ್ತಿದ್ದಾರಂತೆ, ಕಾರ್ಖಾನೆಯ ಬಾಗಿಲಲ್ಲೇ ರ‍್ಯಾಮ್ ಎತ್ತಿಕೊಂಡು ಹೋಗುತ್ತಾರಂತೆ. "ಕಬ್ಬಿನ ಗದ್ದೆಗೆ ಆನೆ ನುಗ್ಗಿದೆ ತಂಗಿ," ಎಂದ. "ನಮ್ಮಂಥೋರಿಗೆ ಉಳಿಯೋದು ಸಿಪ್ಪೆ."

ಅವಳ ಕಣ್ಣು ಡಬ್ಬಿಯ ಮೇಲಿತ್ತು. ಅದಕ್ಕೆ ದಾರ ಕಟ್ಟಿತ್ತು. ಗುಜರಿಯವನು ಮಧ್ಯಾಹ್ನ ಬರುತ್ತಾನೆ, ಪಟ್ಟಿಗಳ ಅಂಚಿನಲ್ಲಿರುವ ಕೂದಲೆಳೆಯಷ್ಟು ಚಿನ್ನಕ್ಕಾಗಿ ತೂಕದ ಲೆಕ್ಕದಲ್ಲಿ ಒಯ್ಯುತ್ತಾನೆ ಎಂದು ಬೀಪಣ್ಣ ಹೇಳಿದ. ಒಳಗಿರುವುದು ಒಂದೂವರೆ ವರ್ಷದ ಸಾವು.

ಇನ್ನೊಮ್ಮೆ ಹಾಕಿ ನೋಡಬಹುದೇ ಎಂದು ಅವಳು ಕೇಳಿದಳು.

ಬೀಪಣ್ಣ ನಕ್ಕ. "ಎಲ್ಲದರ ನಾಡಿ ನಾನೇ ನೋಡಿದೀನಿ. ನಿಮ್ಮ ಸಮಾಧಾನಕ್ಕೆ ಬೇಕಾದ್ರೆ ನೋಡಿ. ಜೀವ ಬಂದದ್ದೆಲ್ಲ ನಿಮ್ಮದೇ, ಒಂದು ಕಾಸೂ ಬೇಡ."

ಡಬ್ಬಿ ಬಿಚ್ಚಿದರು. ಮೂವತ್ತೊಂದು ಪಟ್ಟಿಗಳಿದ್ದವು. ಅತ್ತೆ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಮೂವತ್ತೆರಡು ವರ್ಷ ಒಂದನೇ ತರಗತಿಗೆ ಪಾಠ ಹೇಳಿದ ಹೆಂಗಸು. ಕೈಚೀಲದಲ್ಲಿ ಮೊಬೈಲ್ ಇಲ್ಲದಿದ್ದರೂ ರಬ್ಬರ್ ಇರುತ್ತಿತ್ತು. ಚಿನ್ನದ ಅಂಚು ಕಪ್ಪಾಗಿದೆ, ಮೊದಲು ಕೊಳೆ ತೆಗೆಯಬೇಕು ಎಂದು ಉಜ್ಜತೊಡಗಿದರು. ಅದು ತನಗೂ ಗೊತ್ತಿರುವ ವಿದ್ಯೆಯೇ ಎಂದು ಬೀಪಣ್ಣ ಒಪ್ಪಿಕೊಂಡ. ಆದರೆ ಅಗ್ಗದ ಕಾಲದಲ್ಲಿ ಯಾರು ಉಜ್ಜುತ್ತ ಕೂರುತ್ತಾರೆ? ಉಜ್ಜುವ ಹೊತ್ತಿಗಿಂತ ಹೊಸ ಪಟ್ಟಿಯೇ ಸಲೀಸಾಗಿತ್ತು.

ಅಂಗಡಿಯ ಹಿಂದಿನ ಮೇಜಿನ ಮೇಲೆ ಅವನು ಪರೀಕ್ಷೆಗೆಂದೇ ಇಟ್ಟ ಹಳೆಯ ಮದರ್‌ಬೋರ್ಡ್ ಮಲಗಿತ್ತು. ಅದಕ್ಕೆ ಎರಡು ಸ್ಲಾಟ್. ಒಂದರ ಕೊಂಡಿ ಮುರಿದದ್ದರಿಂದ ಅದರ ಮೇಲೆ ಟೇಪ್ ಅಂಟಿಸಿದ್ದ. ಉಳಿದ ಒಂದರಲ್ಲಿ ಅತ್ತೆ ಉಜ್ಜಿಕೊಟ್ಟ ಪಟ್ಟಿ ಕೂರಿಸಿದ. ಮೂರು ಉದ್ದ ಬೀಪ್. ಎರಡನೆಯದಕ್ಕೂ ಮೂರು. ಒಂಬತ್ತನೆಯದರ ಹೊತ್ತಿಗೆ ಅತ್ತೆಯ ಹೆಬ್ಬೆರಳು ಕೆಂಪಾಗಿತ್ತು. ಬೀಪಣ್ಣ ಹೋಗಿ ಟೀ ತಂದ. ಗೆದ್ದವನ ಮುಖವನ್ನು ಅವನು ಆದಷ್ಟೂ ಅಡಗಿಸಿದ್ದ, ಪೂರ್ತಿ ಆಗಿರಲಿಲ್ಲ.

ಅವಳು ಟೀ ಮುಟ್ಟಲಿಲ್ಲ. ಈ ಬೋರ್ಡ್ ಮೇಲೆ ಕಡೆಯ ಸಲ ಯಾವ ಪಟ್ಟಿ ಬದುಕಿತ್ತು ಎಂದು ಕೇಳಿದಳು.

ಬೀಪಣ್ಣ ತಲೆ ಕೆರೆದುಕೊಂಡ. "ಕುಣಿಯಲಾರದವರು ನೆಲ ಡೊಂಕು ಅಂದರಂತೆ," ಎಂದ.

ಅಳೆಯುವ ಮೊದಲು ಅಳತೆಗೋಲನ್ನೇ ಅಳೆಯಬೇಕು ಎಂದು ಅವಳಿಗೆ ವಿಶ್ವವಿದ್ಯಾಲಯದಲ್ಲಿ ಹೇಳಿಕೊಟ್ಟಿದ್ದರು. ಬದುಕಿದೆ ಎಂದು ಖಾತ್ರಿ ಇರುವ ಒಂದು ಪಟ್ಟಿ ಬೇಕಾಗಿತ್ತು. ಬಂದೆ ಎಂದು ಹೇಳಿ ಮನೆಗೆ ನಡೆದಳು. ಯಂತ್ರದ ಮುಚ್ಚಳ ತೆಗೆದಳು. ಗಂಡ ಮುಚ್ಚಿದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ಒಳಗೆ ತೆಳ್ಳಗೆ ಧೂಳು ಕೂತಿತ್ತು, ತಂತಿಗಳನ್ನು ಅವನು ಒಂದೇ ಅಳತೆಯ ಅಂತರದಲ್ಲಿ ಕಟ್ಟಿದ್ದ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎರಡೂ ತುದಿಯ ಕೊಂಡಿ ಒತ್ತಿದಳು. ಪಟ್ಟಿ ತಾನಾಗಿ ಮೇಲೆದ್ದು ಕೈಗೆ ಬಂತು.

ಅಂಗಡಿಗೆ ಬಂದು ಅದನ್ನು ಬೀಪಣ್ಣನ ಕೈಗೆ ಕೊಟ್ಟಳು. ಇವತ್ತು ಬೆಳಿಗ್ಗೆ ಆರು ಗಂಟೆಗೆ ಇದು ಕೆಲಸ ಮಾಡುತ್ತಿತ್ತು ಎಂದಳು. ಅವನು ಕೂರಿಸಿ ಸ್ವಿಚ್ ಹಾಕಿದ.

ಮೂರು ಉದ್ದ ಬೀಪ್.

ತೆಗೆದು ಊದಿ ಮತ್ತೆ ಕೂರಿಸಿದ. ಮೂರು. ಮತ್ತೊಮ್ಮೆ ಮಾಡಿದ. ಮೂರು.

"ಇದೂ ಸತ್ತೋಯ್ತೇನಪ್ಪ?" ಎಂದು ಅತ್ತೆ ಕೇಳಿದರು.

ಬೀಪಣ್ಣ ಸ್ವಿಚ್ ಆರಿಸಿದ. ಬಾಗಿ ಇನ್ನೊಂದು ಸ್ಲಾಟ್‌ನ ಟೇಪ್ ಕಿತ್ತ. ಅದೇ ಪಟ್ಟಿಯನ್ನು ಅಲ್ಲಿಗೆ ಸರಿಸಿದ. ಕೊಂಡಿ ಇಲ್ಲದ್ದರಿಂದ ಪಟ್ಟಿ ಅಲುಗಾಡಿತು. ಅತ್ತೆ ಎದ್ದು ಬಂದು ತಮ್ಮ ಕೆಂಪು ಹೆಬ್ಬೆರಳನ್ನೇ ಅದರ ನೆತ್ತಿಗೆ ಒತ್ತಿ ಹಿಡಿದರು. ಅವನು ಸ್ವಿಚ್ ಹಾಕಿದ.

ಒಂದು ಬೀಪ್. ಚಿಕ್ಕದು.

ಸತ್ತದ್ದು ಪಟ್ಟಿಯಲ್ಲ, ಮೊದಲಿನ ಸ್ಲಾಟ್. ಒಂದೂವರೆ ವರ್ಷದಿಂದ ಅನುಮಾನ ಬಂದ ಪ್ರತಿ ಪಟ್ಟಿಯನ್ನೂ ಅವನು ಅದರಲ್ಲೇ ಇಟ್ಟು ನೋಡಿ ಡಬ್ಬಿಗೆ ಹಾಕಿದ್ದ. ಹೊಸದನ್ನು ನೇರವಾಗಿ ಗಿರಾಕಿಯ ಯಂತ್ರಕ್ಕೇ ಕೂರಿಸುತ್ತಿದ್ದ. ಹೊಸದನ್ನು ಪರೀಕ್ಷೆ ಮಾಡುವ ಪೆದ್ದ ಯಾರು? ಆದ್ದರಿಂದ ಬದುಕಿದ ಪಟ್ಟಿಯೊಂದು ಆ ಸ್ಲಾಟ್‌ಗೆ ಇಳಿದದ್ದೇ ಇಲ್ಲ.

"ನೆಲವೇ ಡೊಂಕು ಕಣಪ್ಪ," ಎಂದರು ಅತ್ತೆ.

ಆಮೇಲೆ ಮೂವರೂ ಸೇರಿ ಡಬ್ಬಿಯನ್ನು ಖಾಲಿ ಮಾಡಿದರು. ಅತ್ತೆ ಉಜ್ಜಿದರು, ಅವಳು ಕೂರಿಸಿ ಒತ್ತಿ ಹಿಡಿದಳು, ಬೀಪಣ್ಣ ಸ್ವಿಚ್ ಹಾಕಿದ. ಒಂದು ಚಿಕ್ಕ ಬೀಪ್. ಇನ್ನೊಂದು ಚಿಕ್ಕ ಬೀಪ್. ಪಕ್ಕದ ಟೈಲರ್ ಕತ್ತರಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತ. ಗುಜರಿಯವನು ಬಂದ, ಸ್ವಲ್ಪ ಹೊತ್ತು ನೋಡಿದ, ತಕ್ಕಡಿ ಮಡಚಿಕೊಂಡು ಹೋದ. ಮೂವತ್ತೊಂದರಲ್ಲಿ ನಿಜವಾಗಿ ಸತ್ತದ್ದು ಏಳು. ಇಪ್ಪತ್ನಾಲ್ಕು ಬದುಕಿದ್ದವು.

ಬೀಪಣ್ಣ ಸ್ಟೂಲ್ ಮೇಲೆ ಕೂತ. ಅವನ ಅಂಗಡಿಯಲ್ಲಿ ಈಗ ಆ ಡಬ್ಬಿಗಿಂತ ಬೆಲೆ ಬಾಳುವ ಸಾಮಾನು ಬೇರೆ ಇರಲಿಲ್ಲ. ಆದರೂ ಡಬ್ಬಿಯನ್ನು ಎರಡೂ ಕೈಯಿಂದ ಅವಳ ಕಡೆಗೆ ತಳ್ಳಿದ.

"ಕೊಟ್ಟ ಮಾತು ಕೊಟ್ಟ ಹಾಗೆ ತಂಗಿ. ಎಲ್ಲ ನಿಮ್ಮದೇ."

ಅವಳು ತನ್ನ ಯಂತ್ರಕ್ಕೆ ಹೊಂದುವ ಎರಡನ್ನು ಆರಿಸಿಕೊಂಡು ಡಬ್ಬಿಯನ್ನು ವಾಪಸ್ ತಳ್ಳಿದಳು.

"ನನ್ನ ಹತ್ರ ಖಾಲಿ ಇರೋದು ಎರಡೇ ಸ್ಲಾಟ್ ಅಣ್ಣ."

ಅತ್ತೆ ದಾರಿಯುದ್ದಕ್ಕೂ ಇನ್ನು ನಾಲ್ಕಾದರೂ ತರಬಹುದಿತ್ತು ಎಂದು ಗೊಣಗಿದರು. ಸೋಪು ತರುವುದು ಇಬ್ಬರಿಗೂ ಮರೆತಿತ್ತು. ಹಿಂದೆ ತಿರುಗಿ ನೋಡಿದಾಗ ಬೀಪಣ್ಣ ಸ್ಟೂಲ್ ಹತ್ತಿ ದರಪಟ್ಟಿಯ ಮೇಲಿನ ಕ್ಯಾಲೆಂಡರ್ ಇಳಿಸುತ್ತಿದ್ದ.

ಮನೆಯಲ್ಲಿ ಅವಳು ಗಂಡನ ಪಟ್ಟಿಯನ್ನು ಅದರ ಜಾಗಕ್ಕೇ ಕೂರಿಸಿದಳು. ಖಾಲಿ ಉಳಿದಿದ್ದ ಎರಡರಲ್ಲಿ ತಂದದ್ದನ್ನು ಇಟ್ಟು ಒತ್ತಿದಳು. ಟಕ್ ಎಂದಿತು, ಮತ್ತೆ ಟಕ್ ಎಂದಿತು. ನಾಲ್ಕೂ ತುಂಬಿದವು.

ಶುಕ್ರವಾರ ಬೆಳಿಗ್ಗೆ ನದಿ ಹೊರಟಿತು. ಶನಿವಾರ ತಿಂಡಿಯ ಹೊತ್ತಿಗೆ ಅರವತ್ತಕ್ಕೆ ಬಂತು. ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ನಿಂತರು. ಅರವತ್ತೊಂದು. ಅಂಕಿ ಅಲ್ಲೇ ನಿಂತಿತು. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಸೌಟಿನಿಂದ ಒಂದು ಹನಿ ನೆಲಕ್ಕೆ ಬಿತ್ತು.

ಅರವತ್ತೆರಡು.

ಭಾರದ ಹಂತ ದಾಟಿದ ಮೇಲೆ ಅಂಕಿ ಬೇಗ ಬೇಗ ಏರಿತು. ಮೂರೂ ಮುಕ್ಕಾಲಿಗೆ ಅತ್ತೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ಹನ್ನೊಂದು ತಿಂಗಳಿಂದ ಆ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆದಿರಲಿಲ್ಲ. ಅವಳು ಕರೆದಳು. ಅತ್ತೆ ಎಂದು ಕೂಗಿದ್ದು ಆಚೆ ಬೀದಿಗೆ ಕೇಳಿ ಯಾರೋ ಕಿಟಕಿ ತೆರೆದರು. ಅತ್ತೆ ಓಡಿ ಬಂದರು. ಪರದೆಯ ಮೇಲೆ ನದಿ ಬೆಟ್ಟದಿಂದ ಇಳಿದು, ಸೇತುವೆಯ ಕೆಳಗೆ ಹಾದು, ಏಳು ಸಲ ತಿರುಗಿ, ಕಡಲು ಸೇರಿತ್ತು. ಎಲ್ಲೂ ಹೊಲಿಗೆ ಇರಲಿಲ್ಲ.

ನಾಲ್ಕಕ್ಕೆ ಕಳಿಸಿದಳು. ನಾಲ್ಕೂವರೆಗೆ ಉತ್ತರ ಬಂತು: ಕೆಲಸ ನಿಮ್ಮದು, ಸೋಮವಾರ ಎರಡನೇ ನದಿ ಕಳಿಸುತ್ತೇವೆ. ಅವಳು ಓದಿ ಹೇಳಿದಳು. ಅತ್ತೆ ಇನ್ನೊಮ್ಮೆ ಓದಿಸಿದರು. ಆಮೇಲೆ ಅವಳ ಫೋನ್ ಇಸಕೊಂಡು ಅವಳಣ್ಣನ ಜೊತೆ ತಾವೇ ಮಾತಾಡಿದರು.

"ಆ ಮಂಚ ಮಾರಿಬಿಡಪ್ಪ," ಎಂದರು. "ಜಗಳ ಆಡೋಕೆ ನಮಗೆ ಮನೇಲೇ ಜನ ಇದಾರೆ."