ಠಪ್ಪೆಂದ ಬ್ರಿಡ್ಜ್

ನನ್ನ ಭಾಮೈದ ಮೂರನೇ ಬ್ರಿಡ್ಜ್ ತಂದು ಮೇಜಿನ ಮೇಲಿಟ್ಟಾಗ ನಾನು ಮೊದಲು ನೋಡಿದ್ದು ಬ್ರಿಡ್ಜನ್ನಲ್ಲ, ಅವನ ಮುಖವನ್ನು. ಮೋಸ ಮಾಡಿದವರು ಕಣ್ಣು ತಪ್ಪಿಸುತ್ತಾರಂತೆ. ಇವನು ಬೆವರು ಒರೆಸಿಕೊಳ್ಳುವ ನೆಪದಲ್ಲಿ ಅಂಗಿಯ ತೋಳಿನಿಂದ ಅರ್ಧ ಮುಖವನ್ನೇ ಮುಚ್ಚಿಕೊಂಡ.

"ಭಾವ, ಇದನ್ನಾದ್ರೂ ಒಪ್ಕೊಳ್ಳಿ. ಇನ್ನೊಂದ್ಸಲ ಬೇರೆ ಕೊಡು ಅಂತ ಹೋದ್ರೆ ಅಂಗಡಿಯವ್ನು ಒಳಗೇ ಬಿಡಲ್ಲ."

"ನೋಡೋಣ ಇರು," ಅಂದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ನಾವಿಬ್ಬರೂ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇವೆ. ಮರ ಕೊಯ್ಯುವುದು, ಮೆಷಿನ್ನಿನಲ್ಲಿ ಉಜ್ಜುವುದು, ತಂತಿ ಬಿಗಿಯುವುದು ನನ್ನದು. ವೈರಿಂಗ್ ಮತ್ತು ಸಾಮಾನು ತರುವುದು ಅವನದು. ಮೇಜಿನ ಮೇಲೆ ಮಲಗಿದ್ದ ಗಿಟಾರಿಗೆ ಇನ್ನೇನು ಬಾಕಿಯಿರಲಿಲ್ಲ, ಬ್ರಿಡ್ಜ್ ಒಂದನ್ನು ಬಿಟ್ಟರೆ. ಬ್ರಿಡ್ಜ್ ಅಂದರೆ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳೆಲ್ಲ ಬಂದು ಕೂರುವ ಲೋಹದ ಪಟ್ಟಿ. ಮೊದಲು ಹಾಕಿದ್ದು ಸ್ಕ್ರೂ ಬಿಗಿಯುವಾಗಲೇ ಬಿರುಕು ಬಿಟ್ಟಿತ್ತು, ಕಿತ್ತೆಸೆದೆ. ಬದಲಿಗೆ ಒಳ್ಳೆಯ ಹಿತ್ತಾಳೆಯದು ಬೇಕಿತ್ತು. ಆದರೆ ಪೇಟೆಯ ತುಂಬ ಅಗ್ಗದ ಎರಕಕ್ಕೆ ಹಳದಿ ಮೆರುಗು ಕೊಟ್ಟು ಹಿತ್ತಾಳೆ ಎಂದು ಟೋಪಿ ಹಾಕುವವರೇ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಪತ್ತೆ ಹಚ್ಚಲು ನನ್ನದೊಂದು ದಾರಿಯಿದೆ. ಬ್ರಿಡ್ಜನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು ಮೊಳೆಯಿಂದ ಮೆಲ್ಲಗೆ ತಟ್ಟಬೇಕು. ಹಿತ್ತಾಳೆಯಾದರೆ ಠಣ್ಣೆಂದು ನಾದ ಎಳೆಯುತ್ತದೆ, ಅಗ್ಗದ್ದಾದರೆ ಠಪ್ಪೆಂದು ಸಾಯುತ್ತದೆ. ಈ ಕೆಲಸದಲ್ಲಿ ನಾನು ಎತ್ತಿದ ಕೈ. ಬೇರೆ ಗಿಟಾರ್ ಮಾಡುವವರೂ ತಮ್ಮ ಸಾಮಾನು ತಂದು ನನ್ನ ಹತ್ತಿರ ತಟ್ಟಿಸಿಕೊಂಡು ಹೋಗುತ್ತಿದ್ದರು.

ಬದಲಿಗೆಂದು ಇವನು ಮೊದಲು ತಂದ ಎರಡೂ ಠಪ್ಪೆಂದಿದ್ದವು. ಅಂಗಡಿಯವನು ವರ್ಷಗಟ್ಟಲೆ ಸಾಮಾನು ಕೊಟ್ಟವನು, ಒಮ್ಮೆಯೂ ಕೈಕೊಟ್ಟವನಲ್ಲ. ಹಾಗಾದರೆ ಅಂಗಡಿಗೂ ನನ್ನ ಮೇಜಿಗೂ ನಡುವೆ ಅದಲುಬದಲು ಮಾಡುತ್ತಿರುವವರು ಯಾರು? ಅನುಮಾನದ ಹುಳ ತಲೆ ಹೊಕ್ಕಮೇಲೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಇವನು ಅಂಗಳದ ಮೂಲೆಯಲ್ಲಿ ನಿಂತು ಪಿಸಪಿಸ ಫೋನು ಮಾಡುತ್ತಾನೆ. ಅಡುಗೆಮನೆಯಲ್ಲಿ ಅಕ್ಕ ತಮ್ಮ ಸೇರಿ ಏನೋ ಗುಸುಗುಸು. ನಾನು ಹತ್ತಿರ ಹೋದರೆ ತುಟಿ ಅಲ್ಲಾಡುತ್ತದೆ, ಮಾತು ಮಾತ್ರ ಸ್ಪಷ್ಟವಾಗಿ ಹೊರಬರುವುದಿಲ್ಲ. ಸ್ವಂತ ಶೆಡ್ಡು ಹಾಕುವ ಯೋಚನೆ ಇರಬೇಕು. ಒಳ್ಳೆಯ ಸಾಮಾನನ್ನೆಲ್ಲ ಅದಕ್ಕೆಂದು ಕೂಡಿಡುತ್ತ, ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ.

ಮೂರನೆಯದೂ ಠಪ್ಪೆಂದರೆ ಇವನನ್ನು ಹೊರಗೆ ಹಾಕುವುದೇ ಎಂದು ನಿರ್ಧರಿಸಿದ್ದೆ. ಹೆಂಡತಿಯ ಒಬ್ಬನೇ ತಮ್ಮ, ಬೆಸುಗೆ ಹಾಕುವುದನ್ನು ನಾನೇ ಕೈಹಿಡಿದು ಕಲಿಸಿದವನು. ಆದರೂ ಮೋಸ ಮೋಸವೇ ತಾನೆ?

ದಾರ ಕಟ್ಟಿ ತೂಗುಬಿಟ್ಟೆ. ತಟ್ಟಿದೆ. ಠಪ್.

"ಏನೋ ಇದು?" ಅಂದೆ.

"ಯಾಕೆ ಭಾವ, ಚೆನ್ನಾಗೇ ಇದ್ಯಲ್ಲ!"

"ಚೆನ್ನಾಗಿದ್ಯಾ? ನನ್ನ ಏನಂತ ತಿಳ್ಕೊಂಡಿದೀಯ? ಒಳ್ಳೇದನ್ನ ಎಲ್ಲಿ ಬಚ್ಚಿಟ್ಟೆ ಹೇಳು."

ಅವನ ಮುಖ ಬಿಳಿಚಿಕೊಂಡಿತು. "ಬಚ್ಚಿಡೋದಾ? ನಾನಾ?"

"ಮತ್ತೆ ನಮ್ಮಪ್ಪನಾ? ಮೂರಕ್ಕೆ ಮೂರೂ ಕಚಡಾ. ನಡಿ, ನಿನ್ನ ಸಾಮಾನು ಕಟ್ಕೋ. ಇವತ್ತಿಗೆ ನಿಂಗೂ ಈ ಶೆಡ್ಡಿಗೂ ಋಣ ತೀರ್ತು."

ಯಾವತ್ತೂ ನನ್ನೆದುರು ದನಿ ಎತ್ತದವನು ಅವನು. ಈಗ ಮೊಳೆ ಕಿತ್ತುಕೊಂಡು ಬ್ರಿಡ್ಜಿಗೆ ಬಡಿಯತೊಡಗಿದ. "ಇದು ಕಚಡಾನಾ ಭಾವ? ಇದು ಕಚಡಾನಾ? ಸರಿಯಾಗಿ ಕೇಳಿ!" ಕಣ್ಣಲ್ಲಿ ನೀರಿತ್ತು. ಠಪ್, ಠಪ್, ಠಪ್. ನಾಟಕ ನೋಡು ಇವನದು, ಅಂದುಕೊಂಡೆ.

ಅಷ್ಟರಲ್ಲಿ ನನ್ನವಳು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಬೆಳಿಗ್ಗೆಯಿಂದ ತಲೆನೋವೆಂದು ಮಲಗಿದ್ದವಳು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. "ಅಯ್ಯೋ, ಅದೇನ್ರೋ ಠಣಠಣ! ತಲೆ ಸಿಡಿದು ಹೋಗ್ತಿದೆ, ನಿಲ್ಸಿ!"

ಓಹೋ, ಅಕ್ಕನೂ ಸೇರಿಕೊಂಡಳು ಅಂದುಕೊಂಡೆ. ಅವನು ಕೈ ನಿಲ್ಲಿಸಿದ. ನನ್ನ ಪಾಲಿಗೆ ಶೆಡ್ಡು ಪೂರ್ತಿ ತಣ್ಣಗಾಯಿತು. ಆದರೆ ಇವಳು ಕಿವಿಯಿಂದ ಕೈ ತೆಗೆಯಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ತೂಗುತ್ತಿದ್ದ ಬ್ರಿಡ್ಜನ್ನೇ ನೋಡುತ್ತ ನಿಂತಳು. ಏನನ್ನೋ ಕಾಯುತ್ತಿದ್ದಳು. ಸುಮಾರು ಹೊತ್ತಾದ ಮೇಲೆ ಕೈ ಇಳಿಸಿ, "ಸದ್ಯ, ನಿಂತಿತಲ್ಲ," ಅಂದಳು.

ನಿಂತಿದ್ದು ಯಾವುದು?

"ಆ ಕಡೆ ತಿರುಗೇ," ಅಂದೆ.

"ಏನ್ರೀ ನಿಮ್ದು?"

"ತಿರುಗು ಅಂದ್ನಲ್ಲ."

ಗೊಣಗುತ್ತ ಬೆನ್ನು ಹಾಕಿದಳು. ಭಾಮೈದನ ಕೈಯಿಂದ ಮೊಳೆ ತೆಗೆದುಕೊಂಡೆ. ಸುಳಿವು ಕೊಡಬಾರದೆಂದು ಅವನನ್ನೂ ಗೋಡೆ ಕಡೆ ತಿರುಗಿಸಿದೆ. ಸುಮ್ಮನೆ ನಿಂತೆ. ಅವರು ಮೈಮರೆಯುವಷ್ಟು ಹೊತ್ತು ಬಿಟ್ಟು, ಮೊಳೆಯ ತುದಿಯಿಂದ ಹಗುರವಾಗಿ ತಟ್ಟಿದೆ. ನನಗೆ ಠಪ್ಪೆಂದಷ್ಟೇ ಕೇಳಿಸಿತು. ಇವಳ ಭುಜ ಬೆಚ್ಚಿ ಮೇಲೆದ್ದಿತು, ಕೈಗಳು ತಾವಾಗಿಯೇ ಕಿವಿಗೆ ಹೋದವು. ಗೋಡೆ ನೋಡುತ್ತ ನಿಂತಿದ್ದ ಅವನು ತಲೆಯನ್ನು ಒಂದು ಕಡೆ ವಾಲಿಸಿ ಆಲಿಸತೊಡಗಿದ್ದ. ಹಾಗೆ ವಾಲಿಸುವುದನ್ನು ಅವನಿಗೆ ಕಲಿಸಿದ್ದೂ ನಾನೇ.

ಸ್ಟೂಲಿನ ಮೇಲೆ ಕುಕ್ಕರಿಸಿದೆ. ಇಷ್ಟು ವರ್ಷ ಮೆಷಿನ್ನಿನ ಮುಂದೆ ಕಿವಿಗೆ ಏನೂ ಹಾಕಿಕೊಳ್ಳದೆ ನಿಂತವನು ನಾನು. ಅದಲುಬದಲು ಆಗಿದ್ದೂ, ಅಡುಗೆಮನೆಯ ಮಾತು ಗುಸುಗುಸುವಾಗಿದ್ದೂ ಎಲ್ಲೆಂದು ಗೊತ್ತಾಯಿತು. ನಿಜ ಹೇಳಬೇಕೆಂದರೆ, ಇವನೇ ಕಳ್ಳನಾಗಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನಿಸಿಬಿಟ್ಟಿತು. ಅಂಥಾ ಭಯ.

"ಯಾಕ್ರೀ, ಏನಾಯ್ತು?" ಎಂದು ಇವಳು ಹತ್ತಿರ ಬಂದಳು. ಅವನು ಇನ್ನೂ ಗೋಡೆ ಕಡೆಗೇ ತಿರುಗಿ ನಿಂತಿದ್ದ. ನನ್ನ ಮುಖ ನೋಡಲು ಅವನಿಗೆ ಮನಸ್ಸಿರಲಿಲ್ಲ, ಯಾಕೆ ತಾನೆ ಇರಬೇಕು.

"ತಪ್ಪಾಯ್ತು ಕಣೋ," ಅಂದೆ.

ಎದ್ದು, ಮೂಲೆಗೆ ಎಸೆದಿದ್ದ ಇನ್ನೆರಡು ಬ್ರಿಡ್ಜನ್ನೂ ದಾರಕ್ಕೆ ಕಟ್ಟಿ ಸಾಲಾಗಿ ತೂಗುಬಿಟ್ಟೆ. ಅವನ ಅಂಗೈ ಬಿಡಿಸಿ ಮೊಳೆ ಇಟ್ಟೆ.

"ಇದ್ರಲ್ಲಿ ಯಾವ್ದು ಹಾಕೋಣ, ನೀನೇ ಹೇಳಪ್ಪ."

ಅವನು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಒಂದೊಂದನ್ನೇ ತಟ್ಟಿ, ಅದು ಪೂರ್ತಿ ಆರುವವರೆಗೂ ಕಾದ. ನಾನು ಅವನ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ. ಠಪ್. ಠಪ್. ಠಪ್.

"ಮಧ್ಯದ್ದು ಭಾವ," ಅಂದ.