ಮೇಟಿಯವರ ಎಡೆ

ಸಂಡೂರಿನ ಗುಡ್ಡದ ಮಣ್ಣಿಗೆ ಚೀನಾದವರು ಬಂಗಾರದ ರೇಟು ಕೊಡುತ್ತಿದ್ದ ಕಾಲ. ವಡ್ಡು ಊರಿನ ಮುಂದೆ ಅದಿರಿನ ಲಾರಿಗಳು ಹಗಲಿಲ್ಲ ಇರುಳಿಲ್ಲ ಎಂದು ಓಡುತ್ತಿದ್ದವು. ಅಲ್ಲೊಂದು ಬಿಳಿ ನಾಯಿ ಇತ್ತು. ಈಗ ಕೆಂಪು ನಾಯಿ ಇದೆ. ಅದೇ ನಾಯಿ.

ಆ ರಸ್ತೆಗೇ ಮುಖ ಮಾಡಿದ ಮನೆ ಮೇಟಿ ತೋಟಪ್ಪನದು. ಅದಿರಿನ ಕೆಂಪು ಧೂಳು ಹೇಳದೆ ಕೇಳದೆ ಒಳಗೆ ನುಗ್ಗಿ, ಅವನ ಹೆಂಡತಿ ಮರುಳಸಿದ್ದಮ್ಮನ ಎದೆಯಲ್ಲಿ ಬಿಡಾರ ಹೂಡಿತ್ತು. ಮಾತಾಡಿದರೆ ಕೆಮ್ಮು, ನಕ್ಕರಂತೂ ಜೋರು ಕೆಮ್ಮು. ಅವಳೋ ನಗದೆ ಇರಲಾರದ ಹೆಂಗಸು. ಧೂಳಿನಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ ಮೇಲೆ ಎಮ್ಮಿಗನೂರಿನ ಅಳಿಯ ಪಂಪಣ್ಣ ಬಂದು, “ಮಾನವಮಿ ಅಮಾಸಿ ದಿನ ಬರ್ತೀನಿ, ಅತ್ತಿನ ಕರ್ಕೊಂಡು ಹೋಗ್ತೀನಿ. ನಮ್ದು ಗದ್ದಿ ಗಾಳಿ, ಮಸ್ತ್ ಇರ್ತೈತಿ” ಎಂದು ಹೇಳಿ ಹೋಗಿದ್ದ.

ತೋಟಪ್ಪ ಜೊತೆಗೆ ಹೋಗುವಂತಿರಲಿಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲೂ ಹಿಂದೆಮುಂದೆ ನೋಡುವ ಹಳೇ ಮನುಷ್ಯ. ಅಲ್ಲೇ ಕೂತು ಅಳಿಯನ ಅನ್ನ ಉಣ್ಣುವುದುಂಟೇ? ಹೀಗಾಗಿ ಒಂದು ಸಂಜೆಯೂ ಜಗಳ ತಪ್ಪಿಸದ ಗಂಡಹೆಂಡಿರು ಈ ವಯಸ್ಸಿನಲ್ಲಿ ಬೇರೆಯಾಗುವ ಸೀನು ಬಂದು ನಿಂತಿತ್ತು.

ಜೊತೆಗೇ ಇರುವ ಮಗನ ಮಗಳು ಕಾವ್ಯಳಿಗೆ ಆ ಸೀನು ಸುತರಾಂ ಬೇಡ. ಹೊಸಪೇಟೆಯ ಇಂಟರ್ನೆಟ್ ಸೆಂಟರಿನಲ್ಲಿ ಕೆಲಸ ಮಾಡುವ ಈ ಹುಡುಗಿ, ಬಸ್ಸಿನಲ್ಲಿ ಚಿಲ್ಲರೆ ಕೇಳುವಾಗಲೂ ಕ್ಲೈಮ್ಯಾಕ್ಸ್ ಡೈಲಾಗು ಹೊಡೆಯುವವಳು. ಅವಳ ಪಾಲಿಗೆ ಅಜ್ಜನೇ ಹೀರೋ. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಫಿಟರ್ ಆಗಿದ್ದ ಹೀರೋ ಈಗ ಧೂಳಿನ ಮೇಲೆ ಯುದ್ಧ ಸಾರಿದ್ದ. ಬಾಗಿಲ ಮೇಲೆ ತೂತಿನ ತಗಡಿನ ದೋಣಿ, ಅದರಿಂದ ಒತ್ತೊತ್ತಾಗಿ ಇಳಿಬಿಟ್ಟ ಗೋಣಿನಾರಿನ ಹಗ್ಗಗಳು, ದೋಣಿಯ ಒಂದು ತುದಿಗೆ ನೀರು ಬಿಡುವ ಕೊಡ. ನೀರು ತೊಟ್ಟಿಕ್ಕಿ ಹಗ್ಗ ಒದ್ದೆಯಾಗಬೇಕು, ಧೂಳು ಹಗ್ಗಕ್ಕೇ ಅಂಟಿ ಹೊರಗೆ ಉಳಿಯಬೇಕು. ಆದರೆ ಕೊಡದ ಕಡೆಯ ಹಗ್ಗ ಸ್ನಾನ ಮಾಡುತ್ತಿತ್ತು, ಆಚೆ ಕಡೆಯದು ಉಪವಾಸ ಕೂರುತ್ತಿತ್ತು. ಒಣಗಿದ ಕಡೆಯಿಂದ ಧೂಳು ಮಾವನ ಮನೆಗೆ ಬಂದಂತೆ ಬರುತ್ತಿತ್ತು.

“ಇಂಥಾದ್ದು ಮೊದ್ಲ ಯಾರರ ಮಾಡ್ಯಾರೇನು ನೋಡವ್ವಾ. ಪೇಟೆಂಟ್ ಅಂತ ಇರ್ತೈತಂತಲ್ಲ, ಅದ್ರಾಗ” ಎಂದ ತೋಟಪ್ಪ.

“ಮೇಟಿ ತೋಟಪ್ಪ ಹಗ್ಗ ಹಿಡದ ಅಂದ್ರ ಧೂಳಿಗೂ ದಾರಿ ತಪ್ಪತೈತಿ! ನೋಡ್ಕೊಂಡು ಬರ್ತೀನಿ ಬಿಡಜ್ಜ” ಎಂದು ಹೋದಳು ಕಾವ್ಯ.

ಸೆಂಟರಿನಲ್ಲಿ ಪೇಟೆಂಟುಗಳ ಪಟ್ಟಿಯನ್ನು ಎಷ್ಟು ಹುಡುಕಿದರೂ ಹಗ್ಗದ ಪರದೆ ಸಿಗಲಿಲ್ಲ. ಅಜ್ಜನ ಮುಂದೆ ಬರಿಗೈಲಿ ಹೋಗಲು ಮನಸ್ಸಾಗದೆ ಕೀಟಲೆಗೆಂದು ‘ಮೇಟಿ’ ಎಂಬ ಮನೆತನದ ಹೆಸರನ್ನೇ ಹೊಡೆದಳು. ಅಯ್ಯಯ್ಯೋ! ಯಾವ್ಯಾವುದೋ ದೇಶದ ಮೇಟಿಗಳು ಸಾಲಾಗಿ ಎದ್ದು ಬಂದರು. ಒಬ್ಬ ಮೇಟಿ ಹಿಟ್ಟು ನಾದುವ ಯಂತ್ರ ಮಾಡಿದ್ದ, ಒಬ್ಬ ಹಲ್ಲಿನ ಡಾಕ್ಟರ ಕುರ್ಚಿ, ಒಬ್ಬ ಕುರಿ ಉಣ್ಣೆ ಕತ್ತರಿ, ಮತ್ತೊಬ್ಬ ಅಚ್ಚಿನ ಯಂತ್ರಕ್ಕೆ ಮಸಿ ಹಚ್ಚುವ ಉಪಾಯ. ಒಬ್ಬರಿಗೊಬ್ಬರಿಗೆ ಸಂಬಂಧವಿಲ್ಲ. ಆ ನಾಲ್ವರ ಯಂತ್ರಗಳ ಚಿತ್ರಗಳನ್ನೆಲ್ಲ ಪ್ರಿಂಟ್ ತೆಗೆದಳು.

“ಅಜ್ಜಾ, ನೀನೊಬ್ಬನ ಅಲ್ಲ! ಇವ್ರೆಲ್ಲ ನಮ್ಮ ಮೇಟಿಯವರ. ಎಲ್ರೂ ನಿನ್ನಂಗ ತಲಿತಿರುಕರು!”

ತೋಟಪ್ಪ ನಗಲಿಲ್ಲ. ಕನ್ನಡಕ ಒರೆಸಿಕೊಂಡು ಚಿತ್ರಗಳನ್ನು ಒಂದೊಂದಾಗಿ ಮಡಿಲಲ್ಲಿ ಇಟ್ಟುಕೊಂಡ. ಒಂದೇ ಮನೆ ಹೆಸರೆಂದರೆ ಅಣ್ಣತಮ್ಮಂದಿರು. ಹೆಣ್ಣು ಕೊಟ್ಟು ತರುವಂತಿಲ್ಲ, ಸುಖದುಃಖ ಬಿಡುವಂತಿಲ್ಲ.

“ಇನ್ನೂ ಅದಾರೇನವ್ವ ಇವ್ರು?”

“ಹಳೇ ಚಿತ್ರ ಅಜ್ಜ. ಯಾವಾಗೋ ಮ್ಯಾಲಿನ ಟಿಕೆಟ್ ತಗೊಂಡಿರ್ತಾರ.”

“ಛೇ. ಸುದ್ದಿನ ಬರಲಿಲ್ಲ ನೋಡು” ಎಂದ ತೋಟಪ್ಪ. ಮಸಿಯವನ ಚಿತ್ರದ ಮೇಲೆ ಅವನ ಬೆರಳು ನಿಂತಿತು. “ಈ ಅಣ್ಣ ಶಾಣ್ಯಾ ಇದ್ದ. ಮಸಿ ನೇರ ಸುರುವಿಲ್ಲ. ಉಣ್ಣಿಪಟ್ಟಿಗೆ ಕುಡಿಸ್ಯಾನ, ಪಟ್ಟಿ ಎಲ್ಲಾ ಕಡೆ ಸಮ ಹಂಚತೈತಿ.”

ಸ್ವಲ್ಪ ಹೊತ್ತಿಗೆ ಒಳಗಿಂದ ಮರುಳಸಿದ್ದಮ್ಮನ ಕೂಗು ಬಂತು. “ಏನ್ರಿ! ಮದಿವ್ಯಾಗ ಕೊಟ್ಟ ಕಂಬಳಿ ಕತ್ತರಿಸೀರೇನು? ನಿಮ್ಮ ಬುದ್ಧಿಗೆ ಬೆಂಕಿ ಹಚ್ಚ!” ಕೊನೆಯ ಮಾತು ಕೆಮ್ಮಿನಲ್ಲಿ ಮುಳುಗಿತು.

ಕಂಬಳಿಯ ಪಟ್ಟಿ ತಗಡಿನ ದೋಣಿಯಲ್ಲಿ ಮಲಗಿತು. ಬೆಳಗಾಗುವಷ್ಟರಲ್ಲಿ ಈ ತುದಿಯಿಂದ ಆ ತುದಿಯವರೆಗೆ ಹಗ್ಗಗಳೆಲ್ಲ ಒಂದೇ ಸಮ ಒದ್ದೆ. ಹೊರಮೈ ಕುಂಕುಮದಂತೆ ಕೆಂಪು, ಒಳಗಿನ ನೆಲ ಕರ್ರಗೆ ಫಳಫಳ. ಒಳಗೆ ಹೋಗುವವರ ತಲೆಯ ಮೇಲೆ ಮಾತ್ರ ನಾಲ್ಕು ಹನಿ ಗ್ಯಾರಂಟಿ.

ಅಮಾವಾಸ್ಯೆ ಬಂತು, ಮನೆಯ ಹಿರಿಯರಿಗೆ ಎಡೆ ಇಡುವ ದಿನ. ಅಪ್ಪ, ತಾತ, ಮುತ್ತಾತರ ಬಾಳೆಲೆಗಳ ಪಕ್ಕದಲ್ಲಿ ತೋಟಪ್ಪ ಮತ್ತೂ ನಾಲ್ಕು ಎಲೆ ಹಾಸಿದ. ಹಿಂದೆ ಆ ನಾಲ್ವರ ಚಿತ್ರಗಳನ್ನು ಗೋಡೆಗೆ ಒರಗಿಸಿ ವಿಭೂತಿ ಹಚ್ಚಿದ.

“ಕಾವ್ಯ, ಇವ್ರು ಏನು ಉಣ್ತಿದ್ರವ್ವ?”

ಕೀಟಲೆ ಇಲ್ಲಿಗೆ ಬಂದು ಮುಟ್ಟುತ್ತದೆ ಎಂದು ಕಾವ್ಯ ಅಂದುಕೊಂಡಿರಲಿಲ್ಲ.

“ಅಜ್ಜ… ಅವ್ರು ಬ್ಯಾರೆ ಮೇಟಿ. ಬ್ಯಾರೆ ದೇಶ, ಬ್ಯಾರೆ ದೇವ್ರು. ನಾ ಸುಮ್ನ ತಮಾಷಿಗೆ…”

“ಅವ್ರ ಊರಾಗ ಎಡಿ ಇಡೋ ಪದ್ಧತಿ ಐತೇನು?”

“ಇರಂಗಿಲ್ಲಜ್ಜ.”

“ಮತ್ತ? ಹಸದು ಕುಂತಿರ್ತಾರ ಪಾಪ. ಹೋಳಿಗಿ ತಗೊಂಬಾ.”

ಮರುಳಸಿದ್ದಮ್ಮನೇ ಸೆರಗು ಸಿಕ್ಕಿಸಿಕೊಂಡು ಬಡಿಸಲು ಬಂದಳು. “ಹಿಟ್ಟು ನಾದೋ ಭಾವಗೆ ಹೋಳಿಗಿ. ಹಲ್ಲಿನೋರಿಗೆ ಸಿಹಿ ಬ್ಯಾಡ, ಬೈತಾರ. ಕುರಿಯೋರು ಕುರಿ ಉಣ್ಣೋರ ಇರಬೇಕು. ನಮ್ಮನ್ಯಾಗ ಅದು ನಡಿಯಂಗಿಲ್ಲ, ಬದ್ನಿಕಾಯಿ ಉಣ್ಲಿ.” ಮಸಿಯವನ ಎಲೆಯ ಮುಂದೆ ಮಾತ್ರ ಅವಳು ಕೂತೇ ಬಡಿಸಿದಳು. ಹೋಳಿಗೆಯ ಮೇಲೆ ತುಪ್ಪ ಹಾಕಿದಳು, ಮತ್ತೆ ಹಾಕಿದಳು. ಕಾವ್ಯ ಮುಖ ಆಚೆ ತಿರುಗಿಸಿಕೊಂಡಳು.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಪಂಪಣ್ಣ ಸ್ಲೋ ಮೋಷನ್ನಿನಲ್ಲಿ ನಡೆದು ಬಂದು, ಹಗ್ಗಗಳ ನಡುವೆ ನುಗ್ಗಿ ಒಳಗೆ ನಿಂತ. ಅಂಗಿಯ ಮೇಲೆ ಉದ್ದುದ್ದ ಕೆಂಪು ಪಟ್ಟೆ. ಮೂಗಿನ ತುದಿಯಲ್ಲೊಂದು ಹನಿ.

“ಥೂ! ಇದೇನ್ರಿ ಮಾವ, ಹುಲಿವೇಷ ಹಾಕಿಬಿಟ್ರಲ್ಲ!”

ಮರುಳಸಿದ್ದಮ್ಮ ನಕ್ಕಳು. ಸಣ್ಣ ನಗೆಯಲ್ಲ, ಗೋಡೆ ಹಿಡಿದುಕೊಂಡು ಹೊಟ್ಟೆ ಕುಲುಕುವ ನಗೆ. ತೋಟಪ್ಪ ನೀರಿನ ಲೋಟ ಹಿಡಿದು ಕಾದ. ನಗೆ ಮುಗಿಯಿತು. ಒಂದು ಸಣ್ಣ ಕೆಮ್ಮು, ಮನೆ ತಪ್ಪಿ ಬಂದ ನೆಂಟನ ಹಾಗೆ, ಇಣುಕಿ ಹೋಯಿತು. ಅಷ್ಟೇ.

“ಅತ್ತಿ, ಹೊರಡೋಣೇನ್ರಿ? ಗಾಡಿ ಐತಿ” ಎಂದ ಪಂಪಣ್ಣ, ಅಂಗಿ ಹಿಂಡುತ್ತ.

“ಕುಂದ್ರಪ್ಪ, ಮೊದ್ಲ ಉಣ್ಣು” ಎಂದಳು ಅವಳು. ಗೋಡೆಗೊರಗಿದ ಚಿತ್ರಗಳ ಕಡೆ ಕೈ ತೋರಿಸಿದಳು. “ನಿಮ್ಮ ಮಾವಾರ ಅಣ್ಣತಮ್ರು ಅಷ್ಟು ದೂರದಿಂದ ಮೊದಲ್ನೇ ಸಲ ಬಂದಾರ. ಅವ್ರನ್ನ ಬಿಟ್ಟು ಹೆಂಗ ಬರ್ಲಿ?”

ತೋಟಪ್ಪ ಲೋಟ ಕೆಳಗಿಟ್ಟ. ಕೊಡದಲ್ಲಿ ನೀರು ತಳ ಕಂಡಿದೆಯೇನೋ ಎಂದು ನೋಡಲು ಎದ್ದು ಹೋದ. ಕೊಡ ತುಂಬಿಯೇ ಇತ್ತು.